ಚೀಲದೊಳಗಿಂದ ಮಿಯಾಂವ್! ಬಿಟ್ಟು ಬಂದರೆ ಪಾಪ ತೀರಿತೆ?

ಶಿವಮೊಗ್ಗ: ಬೆಕ್ಕು ಕೊಂದವನು ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕು ಅಂತ ಹಳೇ ಮಾತು. ಚಿನ್ನದ ಬೆಲೆ ಕೇಳಿದರೆ ಎದೆ ಝಲ್ ಎನ್ನುವ ಈ ಕಾಲದಲ್ಲಿ ಆ ಪಾಪ ಯಾರು ಕಟ್ಟಿಕೊಂಡಾರು? ಹಾಗಾಗಿ ಬೆಕ್ಕು ಕೊಲ್ಲುವವರು ಊರಲ್ಲಿ ಕಡಿಮೆ. ಆದರೆ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಊರಾಚೆ ಬಿಟ್ಟು ಬರುವವರಿಗೆ ಮಾತ್ರ ಬರ ಬಂದಿಲ್ಲ. ಮೀನು ಮಾರ್ಕೆಟ್ಟು, ಬಸ್ ಸ್ಟ್ಯಾಂಡಿನ ಹಿಂಬದಿ, ಹೊಳೆ ದಂಡೆ, ಕಲ್ಯಾಣ ಮಂಟಪದ ಎಂಜಲೆಲೆ ಗುಂಡಿ, ಹೀಗೆ ಜಾಗ ಬೇಕಾದಷ್ಟಿದೆ.

"ನಾವೇನು ಕೊಂದ್ವಾ? ಬಿಟ್ಟು ಬಂದ್ವಿ ಅಷ್ಟೇ" ಎಂಬುದು ಸಮಾಧಾನ. ತಾಯಿ ಹಾಲು ಬಿಡದ ಮರಿ ಮಳೆಯಲ್ಲಿ, ನಾಯಿಗಳ ನಡುವೆ ಎಷ್ಟು ಹೊತ್ತು ಬದುಕೀತು ಅಂತ ಯಾರೂ ತಿರುಗಿ ನೋಡುವುದಿಲ್ಲ. ಬಿಟ್ಟವರ ಲೆಕ್ಕದಲ್ಲಿ ಪಾಪವಿಲ್ಲ. ಮರುದಿನ ಆ ಜಾಗದಲ್ಲಿ ಮರಿಯೂ ಇಲ್ಲ.

ಬೆಕ್ಕಿನ ಕಲ್ಮಠ ಅಂತ ಹೆಸರಲ್ಲೇ ಬೆಕ್ಕು ಇಟ್ಟುಕೊಂಡ ಮಠ ಇರುವ ಊರಿದು. ಇಲ್ಲಿ ಇಂಥದೊಂದು ಚೀಲ ಅರ್ಧ ದಾರಿ ಹೋಗಿ ವಾಪಸ್ ಬಂದ ಕತೆ ಕೇಳುವಂಥದ್ದು.

ಇಲಿ ಓಡಿಸಲು ಬಂದವಳು

2024ರ ಮಳೆಗಾಲ. ಗಾಂಧಿ ಬಜಾರಿನ ಒಂದು ಕಿರಾಣಿ ಅಂಗಡಿ. ಸಾಹುಕಾರರಿಗೆ ಇಲಿ ಕಾಟವೋ ಕಾಟ. ತೊಗರಿಬೇಳೆ ಚೀಲ ತೂತು, ಸೋಪಿನ ಡಬ್ಬ ತೂತು, ಕೊನೆಗೆ ಸಾಲದ ಪುಸ್ತಕದ ಮೂಲೆಯೂ ತೂತು. ಸಾಲಗಾರರ ದುರದೃಷ್ಟ, ಹೆಸರು ಬರೆದ ಕಡೆ ಮಾತ್ರ ಇಲಿ ಬಾಯಿ ಹಾಕಲಿಲ್ಲ!

ಅಷ್ಟರಲ್ಲಿ ಎಲ್ಲಿಂದಲೋ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು ಬಂತು. ಯಾರೂ ಕರೆಯಲಿಲ್ಲ, ಯಾರೂ ಓಡಿಸಲೂ ಇಲ್ಲ. ಅಕ್ಕಿ ಮೂಟೆಯ ಮೇಲೆ ಮಲಗಿತು. ರಾತ್ರಿ ಅದರ ಪಾಡಿಗೆ ಡ್ಯೂಟಿ ಮಾಡಿತು. ಸಾಹುಕಾರರೂ ಬೆಳಿಗ್ಗೆ ಟೀ ತರಿಸಿದಾಗ ಒಂದು ಚೂರು ಹಾಲು ತಟ್ಟೆಗೆ ಬಿಡುತ್ತಿದ್ದರು. "ಸಂಬಳ ಕೇಳದ ಆಳು" ಅಂತ ಗಿರಾಕಿಗಳ ಹತ್ತಿರ ಹೊಗಳಿದ್ದೂ ಉಂಟು.

ಕೆಲವು ತಿಂಗಳು ಕಳೆಯಿತು. ರಾಗಿ ಮೂಟೆಗಳ ಹಿಂದೆ ಸಣ್ಣಗೆ ಕೀಂ ಕೀಂ ಸದ್ದು. ನಾಲ್ಕು ಮರಿ. ಐದು ವಾರ ಸುಮ್ಮನಿದ್ದ ಸಾಹುಕಾರರು, ಮರಿಗಳು ಸಕ್ಕರೆ ಚೀಲದ ಮೇಲೆ ಗಲೀಜು ಮಾಡಿದ ದಿನ ರೇಗಿದರು. ಅಂಗಡಿ ಕೆಲಸದ ಇಪ್ಪತ್ತರ ಹುಡುಗನನ್ನು ಕರೆದು, "ಲೋ, ಇವನ್ನ ಚೀಲಕ್ಕೆ ಹಾಕ್ಕೊಂಡು ಗಾಜನೂರು ಡ್ಯಾಮ್ ಹತ್ರ ಬಿಟ್ಟು ಬಾ. ಹತ್ತಿರ ಬಿಟ್ರೆ ತಾಯಿ ಹುಡುಕಿಕೊಂಡು ಹೋಗಿ ಎತ್ತಿಕೊಂಡು ಬರುತ್ತೆ" ಅಂದರು. ಮರಿ ಹಿಡಿಯುವಾಗ ತಾಯಿ ಬೆಕ್ಕು ಹುಡುಗನ ಕೈ ಪರಚಿತು. ರಕ್ತ ಬಂತು. ಸಾಹುಕಾರರು ಡಬ್ಬದಿಂದ ಒಂದು ಚಿಟಿಕೆ ಅರಿಶಿನ ತೆಗೆದು ಮೆತ್ತಿದರು. ಹುಡುಗ ತೀರ್ಥಹಳ್ಳಿ ಬಸ್ಸು ಹತ್ತಿದ.

ಚೀಲ ಮಾತಾಡಿತು

ಗಾಜನೂರು ಇನ್ನೂ ಎರಡು ಮೈಲಿ ಇರುವಾಗ ಸೀಟಿನ ಕೆಳಗಿದ್ದ ಚೀಲ ಮಾತಾಡಿತು.

"ಯಾರ್ದ್ರೀ ಇದು ಲಗೇಜು, ಮಿಯಾಂವ್ ಅಂತಿದೆ?" ಎಂದ ಕಂಡಕ್ಟರ್.

"ಟಿಕೆಟ್ ಹರೀರಿ ಕಂಡಕ್ಟ್ರೇ, ಮೈಸೂರು ಬಸ್ಸಲ್ಲಿ ಹಕ್ಕಿಗೆ ಹರಿದ ಹಾಗೆ" ಎಂದರು ಹಿಂದಿನ ಸೀಟಿನ ಒಬ್ಬರು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಟ್ಟು, ಅವರ ಜೊತೆಗಿದ್ದ ನಾಲ್ಕು ಲವ್ ಬರ್ಡ್ಸ್ ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ ವಸೂಲಿ ಮಾಡಿದ ಸುದ್ದಿ ರಾಜ್ಯವೆಲ್ಲ ಸುತ್ತಿತ್ತು.

"ಹೆಣ್ಣು ಮರಿ ಆದ್ರೆ ಫ್ರೀ ಅಲ್ವೇನ್ರೀ?" ಅಂತ ಇನ್ನೊಬ್ಬರು. ಬಸ್ಸೆಲ್ಲ ನಗು.

ನಗದೇ ಇದ್ದವರು ಒಬ್ಬರೇ. ದುರ್ಗಿಗುಡಿಯಲ್ಲಿ ಬ್ಲೌಸ್ ಹೊಲಿಯುವ, ನಲವತ್ತು ದಾಟಿದ ಒಬ್ಬ ಹೆಂಗಸು. ಮಂಡಗದ್ದೆಯ ತವರಿಗೆ ಹೊರಟಿದ್ದರು.

"ಏನಪ್ಪಾ ಅದು ಚೀಲದಲ್ಲಿ?"

"ಬೆಕ್ಕಿನ ಮರಿ ಅಕ್ಕಾ. ಸಾಹುಕಾರ್ರು ಡ್ಯಾಮ್ ಹತ್ರ ಬಿಟ್ಟು ಬಾ ಅಂದ್ರು."

"ಕೈಗೇನಾಯ್ತು?"

"ತಾಯಿ ಪರಚ್ತು. ಅರಿಶಿನ ಹಚ್ಚಿದೀವಿ."

ಅಕ್ಕ ಮಂಡಗದ್ದೆಗೆ ಹೋಗಲಿಲ್ಲ. ಗಾಜನೂರಲ್ಲಿ ಹುಡುಗನ ಜೊತೆ ತಾವೂ ಇಳಿದರು. ಗೂಡಂಗಡಿಯಲ್ಲಿ ಒಂದು ಸೋಪು ಕೊಂಡು, ನಲ್ಲಿಯ ಕೆಳಗೆ ಅವನ ಕೈ ಹಿಡಿಸಿ, "ಹದಿನೈದು ನಿಮಿಷ ತೊಳಿ, ಸಾಕು ಅನ್ಬೇಡ" ಅಂತ ಪಕ್ಕದಲ್ಲೇ ನಿಂತರು. ಮುಂದಿನ ಬಸ್ಸಿಗೆ ಅಕ್ಕ, ಹುಡುಗ, ಚೀಲ ಮೂರೂ ವಾಪಸ್.

ಅರಿಶಿನ ಬೇಡ, ಸೋಪು ಬೇಕು

ಇಲ್ಲಿ ಒಂದು ಮಾತು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹುಚ್ಚುನಾಯಿ ಕಾಯಿಲೆ ಎಂದು ನಾವು ಕರೆಯುವ ರೇಬೀಸ್ ಬರೀ ನಾಯಿಯಿಂದ ಬರುವುದಲ್ಲ. ಬೆಕ್ಕು ಕಚ್ಚಿದರೂ, ರಕ್ತ ಬರುವ ಹಾಗೆ ಪರಚಿದರೂ ಬರಬಹುದು. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಬದುಕುವ ದಾರಿ ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲೇ ಸೂಜಿ ಬಿದ್ದರೆ ಹೆದರಬೇಕಾಗಿಲ್ಲ.

ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆ. ಹುಡುಗನನ್ನು ಅಕ್ಕ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದರು. ಮೊದಲ ದಿನ, ಅಲ್ಲಿಂದ 3ನೇ ದಿನ, 7ನೇ ದಿನ, 28ನೇ ದಿನ ಚುಚ್ಚುಮದ್ದು. ರಕ್ತ ಬಂದ ಗಾಯವಾದರೆ ಗಾಯದ ಜಾಗಕ್ಕೇ ಬೇರೊಂದು ಮದ್ದು ಕೊಡಬೇಕಾಗುತ್ತದೆ. ವೈದ್ಯರು ಹೇಳಿದ್ದನ್ನು ತಪ್ಪಿಸಬಾರದು. ಪರಚಿದ ಬೆಕ್ಕನ್ನು 10 ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅದು ಚೆನ್ನಾಗಿದೆಯೋ ಇಲ್ಲವೋ ನೋಡೋಣ ಅಂತ ಸೂಜಿ ಮುಂದಕ್ಕೆ ಹಾಕುವ ಹಾಗಿಲ್ಲ.

ನಾಲ್ಕು ವಾರದ ಕರಾರು

ಅಂಗಡಿ ಮುಂದೆ ಬಂದರೆ ತಾಯಿ ಬೆಕ್ಕು ಕೂಗುತ್ತಾ ಕೂತಿತ್ತು. ಮಧ್ಯಾಹ್ನದಿಂದ ಅದೇ ರಾಗ. ಗಿರಾಕಿಗಳೆಲ್ಲ "ಏನಾಯ್ತು ಸಾಹುಕಾರ್ರೇ?" ಎಂದು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಚೀಲ ಬಿಚ್ಚಿದ ಕೂಡಲೇ ತಾಯಿ ಒಂದೊಂದನ್ನೇ ಮೂಸಿ, ನೆಕ್ಕಿ, ಕತ್ತು ಕಚ್ಚಿ ರಾಗಿ ಮೂಟೆ ಹಿಂದಕ್ಕೆ ಒಯ್ದಿತು.

"ಸಾಹುಕಾರ್ರೇ, ಇನ್ನು ನಾಲ್ಕೇ ವಾರ ಇಟ್ಕೊಳಿ. ಒಂದು ನಾನೇ ಒಯ್ತೀನಿ, ಉಳಿದವಕ್ಕೂ ಮನೆ ಹುಡುಕ್ತೀನಿ" ಎಂದರು ಅಕ್ಕ.

"ನಿಮಗ್ಯಾಕಮ್ಮಾ ಈ ಉಸಾಬರಿ?"

"ಚೀಲ ನನ್ನ ಕಾಲ ಹತ್ರಾನೇ ಕೂಗ್ತಲ್ಲ, ಅದಕ್ಕೆ."

ನಾಲ್ಕು ವಾರ ಯಾಕೆ? ಮರಿ ತಾಯಿ ಜೊತೆ ಕಡಿಮೆಯೆಂದರೂ 8 ವಾರ ಇರಬೇಕು, 12 ವಾರ ಇದ್ದರೆ ಇನ್ನೂ ಒಳ್ಳೆಯದು. ಮರಳಲ್ಲಿ ಕೂರುವುದು, ಉಗುರು ಒಳಗೆಳೆದುಕೊಂಡು ಆಡುವುದು ಇವೆಲ್ಲ ತಾಯಿ ಮತ್ತು ಒಡಹುಟ್ಟಿದವರಿಂದ ಕಲಿಯುವ ಪಾಠ. ಬೇಗ ಕಿತ್ತು ತಂದ ಮರಿ ಮುಂದೆ ಕಚ್ಚುತ್ತೆ, ಪರಚುತ್ತೆ, "ಇದು ಕೆಟ್ಟ ಬೆಕ್ಕು" ಅನ್ನಿಸಿಕೊಂಡು ಮತ್ತೆ ಚೀಲ ಸೇರುತ್ತೆ.

ತಾಯಿಯಿಲ್ಲದ ಎಳೆ ಮರಿ ರಸ್ತೆಯಲ್ಲಿ ಸಿಕ್ಕರೆ ಒಮ್ಮೆಲೇ ಎತ್ತಿಕೊಳ್ಳಬಾರದು. ತಾಯಿ ಜಾಗ ಬದಲಾಯಿಸುತ್ತಿರಬಹುದು; ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅಪಾಯವಿಲ್ಲದಿದ್ದರೆ ಸ್ವಲ್ಪ ಹೊತ್ತು ದೂರ ನಿಂತು ಕಾಯಬೇಕು. ತಾಯಿ ಬರಲೇ ಇಲ್ಲವೆಂದರೆ ಮೊದಲು ಮರಿಗೆ ಬೆಚ್ಚಗಿನ ಬಟ್ಟೆ, ಆಮೇಲೆ ಪಶು ವೈದ್ಯರು. ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿಕೊಳ್ಳುತ್ತದೆ. ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬಾರದು, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿರಬೇಕು.

ನಾಲ್ಕರಲ್ಲಿ ಒಂದು

ಕರಾರಿನ ಮೂರನೇ ವಾರ ನಾಲ್ಕರಲ್ಲಿ ಒಂದು, ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಮರಿ, ಊಟ ಬಿಟ್ಟಿತು. ವಾಂತಿ, ಭೇದಿ. "ಏನೋ ತಿಂದಿರಬೇಕು, ಸರಿಹೋಗುತ್ತೆ" ಅಂತ ಒಂದು ದಿನ ಕಳೆದರು. ಎರಡನೇ ದಿನ ವೈದ್ಯರ ಹತ್ತಿರ ಒಯ್ಯುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ವೈದ್ಯರು ಹೇಳಿದ ಹೆಸರು ಪ್ಯಾನ್‌ಲ್ಯುಕೋಪೇನಿಯಾ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ರೋಗದ ದಾಯಾದಿ ಇದು. ಲಸಿಕೆ ಇಲ್ಲದ ಮರಿಗಳಲ್ಲಿ ಬಂದರೆ ಉಳಿಯುವುದು ಕಷ್ಟ. ಮನುಷ್ಯರಿಗೆ ಹರಡುವುದಿಲ್ಲ. ಆದರೆ ಅದರ ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್‌ಗೆ ಸಾಯುವ ಜಾತಿಯಲ್ಲ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಬೇಕು. ಅಂಥ ಜಾಗಕ್ಕೆ ಲಸಿಕೆ ಆಗದ ಬೇರೆ ಮರಿ ತರಲೇಬಾರದು.

ಅಂಗಡಿ ಹುಡುಗ ಸಂಜೆ ತುಂಗೆಯ ದಂಡೆಯ ಕಡೆ ಹೋಗಿ ಮರಿಯನ್ನು ಹೂತು ಬಂದ. ಒಂದು ತಿಂಗಳ ಹಿಂದೆ "ಬಿಟ್ಟು ಬಾ" ಎಂದಿದ್ದ ಸಾಹುಕಾರರು ಅವತ್ತು ಅರ್ಧ ಗಂಟೆ ಮೊದಲೇ ಅಂಗಡಿ ಬಾಗಿಲು ಎಳೆದರು. ಉಳಿದ ಮೂರು ಮರಿ ಮತ್ತು ತಾಯಿಯನ್ನು ಮರುದಿನವೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಆಟೋದಲ್ಲಿ ಪಶು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸಿದರು. ಬಾಡಿಗೆ ಅವರದೇ.

ಲಸಿಕೆಯ ಲೆಕ್ಕ ಸಿಂಪಲ್ಲು. ಎಂಟನೇ ವಾರದ ಹೊತ್ತಿಗೆ ಮೊದಲನೆಯದು. ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವ ತನಕ. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ. ಆಮೇಲೆ ವೈದ್ಯರು ಹೇಳಿದ ಹಾಗೆ ಕಾಲಕಾಲಕ್ಕೆ. ನಡುವೆ ಜಂತುಹುಳದ ಔಷಧಿ. ಪಶು ಆಸ್ಪತ್ರೆ ಅಂದರೆ ಎತ್ತು ಎಮ್ಮೆಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಬೆಕ್ಕೂ ಒಂದು ಪಶುವೇ, ನಾಚಿಕೊಳ್ಳದೆ ಒಯ್ಯಬಹುದು.

ಮಂಚದ ಕೆಳಗಿನ ಹೊಸ ಬಾಡಿಗೆದಾರ

ಮೂರು ಮರಿಗಳಲ್ಲಿ ಒಂದು ಮಂಡಗದ್ದೆಯಲ್ಲಿ ಅಕ್ಕನ ಅಣ್ಣನ ಅಡಿಕೆ ತೋಟದ ಮನೆ ಸೇರಿತು. ಇನ್ನೊಂದನ್ನು ಔಷಧಿ ಅಂಗಡಿಯವರೊಬ್ಬರು ಒಯ್ದರು. ಮೂರನೆಯದು, ಪಟ್ಟೆ ಪಟ್ಟೆಯ ಗಂಡು ಮರಿ, ಅಕ್ಕನ ದುರ್ಗಿಗುಡಿಯ ಮನೆಗೆ ಬಂತು. ಬರುವ ಮೊದಲೇ ಮನೆ ಮಾಲೀಕರನ್ನು ಕೇಳಿ ಒಪ್ಪಿಗೆ ಪಡೆದಿದ್ದರು. ಬಾಡಿಗೆ ಮನೆಯವರು ಇದನ್ನು ಮರೆತರೆ, ಮಾಲೀಕ ಗದರಿದ ದಿನ ಬೆಕ್ಕೇ ಮೊದಲು ಹೊರಗೆ ಬೀಳುವುದು.

ಮೊದಲ ಎರಡು ದಿನ ಮರಿ ಮಂಚದ ಕೆಳಗಿಂದ ಈಚೆ ಬರಲಿಲ್ಲ. ಅಕ್ಕ ಎಳೆಯಲಿಲ್ಲ. ಒಂದೇ ಕೋಣೆ, ಒಂದು ಬಟ್ಟಲು ನೀರು, ಒಂದು ತಟ್ಟೆ ಊಟ, ಊಟದಿಂದ ದೂರ ಇನ್ನೊಂದು ಮೂಲೆಯಲ್ಲಿ ಅಗಲ ಟಬ್ಬಿನಲ್ಲಿ ಮರಳು, ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ. ಮೂರನೇ ರಾತ್ರಿ ತಾನಾಗಿ ಬಂದು ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಮಲಗಿತು. ಅಲ್ಲಿಗೆ ಸ್ನೇಹವಾಯಿತು ಅಂತ ಲೆಕ್ಕ. ಹೊಸ ಬೆಕ್ಕನ್ನು ಎರಡು ಮೂರು ವಾರ ಹೊರಗೆ ಬಿಡಬಾರದು, ದಾರಿ ತಪ್ಪುತ್ತದೆ. ಬಿಡದೇ ಇದ್ದರೆ ಇನ್ನೂ ಕ್ಷೇಮ. ರಸ್ತೆಯಲ್ಲಿ ಗಾಡಿ, ಮನೆ ಮನೆಯಲ್ಲಿ ಇಲಿ ಪಾಷಾಣ.

ಇನ್ನು ಊಟದ ಮಾತು. ಅಕ್ಕನದು ಮೀನು ಮಾಂಸ ತಿನ್ನದ ಮನೆ. ಹಾಲು ಅನ್ನ ಹಾಕಿದರೆ ಸಾಕು ಎಂದುಕೊಂಡಿದ್ದರು. ತೆನಾಲಿ ರಾಮನ ಬೆಕ್ಕಿನ ಕತೆ ಗೊತ್ತಲ್ಲ? ಬಾಯಿ ಸುಟ್ಟ ಮೇಲೆ ಹಾಲು ಕಂಡರೆ ಓಡುತ್ತಿತ್ತಂತೆ. ನಿಜವಾಗಿಯೂ ಬೆಳೆದ ಬೆಕ್ಕುಗಳಲ್ಲಿ ಬಹಳಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ಆಸೆಯಿಂದ ಕುಡಿಯುತ್ತದೆ, ಆಮೇಲೆ ಭೇದಿ.

ಅದಕ್ಕಿಂತ ದೊಡ್ಡ ವಿಷಯ, ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಒಂದು ಸತ್ವ ಅದರ ದೇಹದಲ್ಲಿ ಬೇಕಾದಷ್ಟು ತಯಾರಾಗುವುದಿಲ್ಲ. ಮೀನು ಮಾಂಸದಿಂದಲೇ ಬರಬೇಕು. ಅದು ಸಾಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ ಎಂದು 1975ರಲ್ಲಿ, ಹೃದಯವೇ ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಆಮೇಲೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರಕ್ಕೆ ಟಾರಿನ್ ಸಾಕಷ್ಟು ಸೇರಿಸುವ ಪದ್ಧತಿ ಬಂತು. ಮೊಸರನ್ನದ ಮೇಲೆ ಬೆಕ್ಕು ಬದುಕಲಾರದು.

"ಮೀನು ನಾನು ಮುಟ್ಟಲ್ಲ ಡಾಕ್ಟ್ರೇ" ಎಂದರಂತೆ ಅಕ್ಕ.

"ಮುಟ್ಟಬೇಡಿ, ಪೊಟ್ಟಣ ಕತ್ತರಿಸಿ ಸುರೀರಿ. ಅಷ್ಟೂ ಆಗಲ್ಲ ಅಂದ್ರೆ ಬೆಕ್ಕು ಸಾಕಬೇಡಿ" ಎಂದರಂತೆ ವೈದ್ಯರು. ಅಕ್ಕ ಬ್ಲೌಸ್ ಕತ್ತರಿಸುವ ಕತ್ತರಿಯಲ್ಲೇ ಪೊಟ್ಟಣವನ್ನೂ ಕತ್ತರಿಸುತ್ತಾರೆ.

ದಾರ, ಮಾತ್ರೆ, ಫಿನಾಯಿಲ್

ಹೊಲಿಗೆ ಮನೆಯಲ್ಲಿ ಬೆಕ್ಕಿಗೆ ದೊಡ್ಡ ಶತ್ರು ದಾರ. ಆಡುತ್ತಾ ಆಡುತ್ತಾ ನುಂಗಿಬಿಡುತ್ತದೆ. ನಾಲಿಗೆಯ ಒರಟು ಮುಳ್ಳುಗಳಿಂದಾಗಿ ಉಗುಳುವುದು ಕಷ್ಟ. ಒಳಗೆ ಹೋದ ದಾರ ಕರುಳನ್ನು ಸುರುಟಿಸಿ ಕೊಯ್ಯುತ್ತದೆ. ಬಾಯಲ್ಲೋ ಹಿಂಬದಿಯಲ್ಲೋ ದಾರದ ತುದಿ ಕಂಡರೆ ಎಳೆಯಲೇಬಾರದು, ನೇರ ವೈದ್ಯರ ಹತ್ತಿರ ಓಡಬೇಕು. ಹೂ ಕಟ್ಟುವ ಮನೆಯವರಿಗೂ ಇದೇ ಮಾತು. ಅಕ್ಕ ಈಗ ಸಂಜೆ ದೀಪ ಹಚ್ಚುವ ಮೊದಲು ನೆಲ ಗುಡಿಸಿ, ದಾರದ ಉಂಡೆಗಳನ್ನು ಡಬ್ಬಿಗೆ ಹಾಕಿ ಮುಚ್ಚುತ್ತಾರೆ.

ಔಷಧಿ ಅಂಗಡಿಯವರಿಗೆ ವೈದ್ಯರು ಬೇರೆ ಎಚ್ಚರಿಕೆ ಕೊಟ್ಟರು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. "ಪಾಪ, ಮೈ ಬಿಸಿ ಇದೆ" ಅಂತ ಕಾಲು ಮಾತ್ರೆಯೂ ಕೊಡಬಾರದು. ನಾಯಿಯ ಉಣ್ಣೆಗೆ ಹಾಕುವ ಕೆಲವು ಔಷಧಿಗಳೂ ಬೆಕ್ಕಿಗೆ ಆಗದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಡೆದು, ಕಾಲು ನೆಕ್ಕಿಕೊಂಡರೂ ಕಷ್ಟ. ಅಂಥ ನೆಲ ತೊಳೆದು ಒಣಗುವ ತನಕ ಬೆಕ್ಕನ್ನು ಆಚೆ ಕೋಣೆಯಲ್ಲಿಡಬೇಕು.

ಅಂಗಡಿಕಾರರು ಕೇಳಬೇಕಾದ್ದು: ಬೆಕ್ಕೂ ಇರಲಿ, ಇಲಿ ಪಾಷಾಣವೂ ಇರಲಿ ಎಂದರೆ ನಡೆಯದು. ಪಾಷಾಣ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭದ ಬೇಟೆ. ಅದನ್ನು ತಿಂದ ಬೆಕ್ಕೂ ಸಾಯಬಹುದು. ಆಟೋ, ವ್ಯಾನು ಇಟ್ಟವರಿಗೆ ಇನ್ನೊಂದು ಮಾತು. ಚಳಿ ಮಳೆಯಲ್ಲಿ ಬೆಕ್ಕು ಎಂಜಿನ್ ಬಿಸಿಗೆ ಒಳಗೆ ಹೊಕ್ಕು ಮಲಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎರಡು ಸಲ ತಟ್ಟಿ.

ಮನೆಯಲ್ಲಿ ಸೊಸೆ ಬಸುರಿ ಎಂದು ಬೆಕ್ಕನ್ನು ಬಿಟ್ಟು ಬರುವವರೂ ಇದ್ದಾರೆ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಹರಡಬಹುದು, ಅದು ಹೊಟ್ಟೆಯಲ್ಲಿನ ಮಗುವಿಗೆ ಆಗದು ಎನ್ನುವುದು ನಿಜ. ಆದರೆ ಮಲ ಬಿದ್ದ ಕೂಡಲೇ ಅದು ಅಂಟುವುದಿಲ್ಲ, ಕನಿಷ್ಠ ಒಂದು ದಿನ ಕಳೆಯಬೇಕು. ಮರಳಿನ ಟಬ್ಬನ್ನು ದಿನವೂ ಬೇರೆಯವರು ಶುಚಿ ಮಾಡಿದರೆ, ಬಸುರಿ ಕೈ ಹಾಕದಿದ್ದರೆ, ಸೊಸೆಯೂ ಇರಬಹುದು, ಬೆಕ್ಕೂ ಇರಬಹುದು. ತೊಳೆಯದ ತರಕಾರಿ, ಸರಿಯಾಗಿ ಬೇಯದ ಮಾಂಸದಿಂದಲೂ ಅದೇ ಸೋಂಕು ಬರುತ್ತದೆ; ಅದಕ್ಕಾಗಿ ಯಾರೂ ಅಡುಗೆಮನೆ ಬಿಟ್ಟು ಬರುವುದಿಲ್ಲವಲ್ಲ!

ಚಹಾ ವಡೆಗಿಂತ ಅಗ್ಗದ ದಂಡ

ಬಿಟ್ಟು ಬರುವುದು ಬರೀ ಪಾಪ ಪುಣ್ಯದ ವಿಷಯವಲ್ಲ, ಕಾನೂನಿನ ವಿಷಯವೂ ಹೌದು. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿ ಹೋರಾಡಿದ್ದರ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಬಿಟ್ಟು ಹೋಗುವುದು ಅದರ 11ನೇ ಕಲಮಿನ ಪ್ರಕಾರ ಅಪರಾಧ. ಸಾಕಿದವನು ಸಾಕಷ್ಟು ಊಟ, ನೀರು, ನೆರಳು ಕೊಡದಿದ್ದರೂ ಅಪರಾಧವೇ.

ದಂಡ ಎಷ್ಟು ಗೊತ್ತೆ? ಮೊದಲ ಸಲ 10ರಿಂದ 50 ರೂಪಾಯಿ ಎಂದು ಕಾಯ್ದೆಯಲ್ಲಿ ಬರೆದರು. ಇವತ್ತು ಒಂದು ಪ್ಲೇಟು ವಡೆ, ಒಂದು ಚಹಾ ಕುಡಿದರೆ ಅಷ್ಟು ಖಾಲಿ. ಆದರೆ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ ಆಟ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

"ಚೀಲ ಕಟ್ಟೋದಕ್ಕಿಂತಲಾ?"

ದಂಡ ಹೆಚ್ಚಿಸಿದರೆ ಚೀಲ ನಿಲ್ಲುತ್ತದೆಯೇ? ಅನುಮಾನ. ಮೂಲ ಬೇರೆಯೇ ಇದೆ. ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರುತ್ತದೆ. ಗರ್ಭ ಸುಮಾರು ಒಂಬತ್ತು ವಾರ. ಒಂದು ಸೂಲಿಗೆ ಮೂರರಿಂದ ಐದು ಮರಿ, ವರ್ಷಕ್ಕೆ ಎರಡು ಮೂರು ಸೂಲು. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗರ್ಭ ಕಟ್ಟಬಹುದು. ಸೂಲಿಗೆ ನಾಲ್ಕರಂತೆ ಎರಡೇ ಸೂಲು ಅಂದರೂ ವರ್ಷಕ್ಕೆ ಎಂಟು. ಪ್ರತಿ ವರ್ಷ ಎಂಟು ಮನೆ ಹುಡುಕಲು ಅಕ್ಕನಿಂದಾದೀತೆ?

ವೈದ್ಯರು ಸಾಹುಕಾರರಿಗೆ ತಾಯಿ ಬೆಕ್ಕಿನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂದರು. ಸಾಹುಕಾರರಿಗೆ ಮೂರು ಅನುಮಾನ.

"ಒಂದು ಸಲ ಆಪರೇಷನ್ ಆದ್ರೆ ಇಲಿ ಹಿಡಿಯೋದು ಬಿಡುತ್ತಲ್ಲ?"

ಬಿಡುವುದಿಲ್ಲ. ಬೇಟೆ ಬೆಕ್ಕಿನ ರಕ್ತದಲ್ಲಿದೆ. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯಲ್ಲ ಎನ್ನುವುದೂ ತಪ್ಪು ನಂಬಿಕೆ. ಹಸಿದಿಟ್ಟರೆ ಕಾಯಿಲೆ ಬೀಳುತ್ತದೆ ಅಷ್ಟೇ.

"ಜೀವಕ್ಕೇನಾದ್ರೂ ಆದ್ರೆ?"

ಅರಿವಳಿಕೆ ಕೊಟ್ಟು ಮಾಡುತ್ತಾರೆ. ಎಷ್ಟು ಹೊತ್ತು ಉಪವಾಸ ಇಡಬೇಕೋ ವೈದ್ಯರೇ ಹೇಳುತ್ತಾರೆ. ಆಮೇಲೆ ಹತ್ತು ಹದಿನಾಲ್ಕು ದಿನ ಹೊಲಿಗೆ ನೆಕ್ಕದಂತೆ ನೋಡಿಕೊಂಡರಾಯಿತು. ಮುಂದೆ ಗರ್ಭಕೋಶ ಕೀವುಗಟ್ಟುವ ಭಯವಿಲ್ಲ. ಒಂದು ಸೂಲಾದರೂ ಆಗಲಿ ಎಂದು ಕಾಯುವುದರಿಂದ ಲಾಭವೇನೂ ಇಲ್ಲ. ಗಂಡು ಬೆಕ್ಕಿಗೂ ಮಾಡಿಸಿದರೆ ಅಲೆದಾಟ, ಜಗಳ, ಗೋಡೆಗೆ ಚಿಮ್ಮಿಸುವ ಗಬ್ಬು ವಾಸನೆ ಕಡಿಮೆಯಾಗುತ್ತದೆ.

ಮೂರನೆಯದನ್ನು ಸಾಹುಕಾರರು ಸ್ವಲ್ಪ ತಡೆದು ಕೇಳಿದರಂತೆ: "ಹುಟ್ಟೋ ಜೀವ ತಡೆಯೋದು ಪಾಪ ಅಲ್ವೇ ಡಾಕ್ಟ್ರೇ?"

"ಚೀಲ ಕಟ್ಟೋದಕ್ಕಿಂತಲಾ?"

ಸಾಹುಕಾರರು ಮಾತಾಡಲಿಲ್ಲ. ಸೆಪ್ಟೆಂಬರಿನಲ್ಲಿ ತಾಯಿ ಬೆಕ್ಕಿಗೆ ಆಪರೇಷನ್ ಆಯಿತು. ಅಕ್ಕನ ಪಟ್ಟೆ ಮರಿಗೂ ಐದು ತಿಂಗಳಾದಾಗ ಆಯಿತು. ಅಂಗಡಿಯ ಸಾಲುಗಳಲ್ಲಿ ಬೇರೆ ಇಬ್ಬರು ವರ್ತಕರು ಬಂದು, ಎಲ್ಲಿ ಮಾಡ್ತಾರೆ, ಯಾವ ದಿನ ಹೋಗಬೇಕು ಎಂದು ಕೇಳಿಕೊಂಡು ಹೋದರು.

ಬೀದಿಗೊಂದು ಬೆಕ್ಕು ಅನ್ನ ಹಾಕುವವರನ್ನು ಹುಡುಕಿಕೊಂಡು ಬರುತ್ತದೆ. ಬರೀ ಅನ್ನ ಹಾಕಿ ಕೈ ತೊಳೆದರೆ ಆರು ತಿಂಗಳಿಗೆ ಒಂದರ ಬದಲು ಐದು. ಚೆನ್ನಾಗಿ ಸಾಕಿದ ಬೆಕ್ಕು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ. ಇವತ್ತು ಒಂದನೇ ಕ್ಲಾಸಿಗೆ ಹೋಗುವ ಮಗು ಹಟ ಹಿಡಿದಿದ್ದಕ್ಕೆ ತಂದ ಮರಿ, ಆ ಮಗು ಕಾಲೇಜು ಮುಗಿಸುವಾಗಲೂ ಮನೆಯಲ್ಲೇ ಇರುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಊಟ ಯಾರು ಹಾಕುತ್ತಾರೆ, ದೀಪಾವಳಿ ಪಟಾಕಿಗೆ ಹೆದರಿ ಓಡದಂತೆ ಕಿಟಕಿ ಯಾರು ಮುಚ್ಚುತ್ತಾರೆ, ಸೂಜಿಯ ದುಡ್ಡು ಎಲ್ಲಿಂದ? ಇದಕ್ಕೆಲ್ಲ ಉತ್ತರ ಇದ್ದವರು ಮರಿ ತರಲಿ. ಇಲ್ಲದವರು ಬೀದಿಯ ಒಂದು ಬೆಕ್ಕಿಗೆ ಆಪರೇಷನ್ ಮಾಡಿಸಲಿ, ಅದೂ ಸಾಕಿದಷ್ಟೇ ದೊಡ್ಡ ಕೆಲಸ.

ಗಾಂಧಿ ಬಜಾರಿನ ಆ ಅಂಗಡಿಯಿಂದ ಆಮೇಲೆ ಒಂದು ಮರಿಯೂ ಬಸ್ಸು ಹತ್ತಿಲ್ಲ. ಬೂದು ಬೆಕ್ಕು ಈಗಲೂ ರಾತ್ರಿ ಡ್ಯೂಟಿಯಲ್ಲಿದೆ. ಹಗಲು ಗಲ್ಲಾಪೆಟ್ಟಿಗೆಯ ಕೆಳಗೆ ಮಲಗುತ್ತದೆ. ಹಾಸಿಗೆಗೆ ಒಂದು ಹಳೇ ಗೋಣಿಚೀಲ ನಾಲ್ಕಾಗಿ ಮಡಚಿ ಹಾಕಿದ್ದಾರೆ. ಗಾಜನೂರು ತನಕ ಹೋಗಿ ಬಂದ ಚೀಲ ಅದೇ.